ಜಿಪ್ಪಿನ ಸದ್ದು

ಮಾರ್ಚ್ ೩, ಸೋಮವಾರ

ಗಂಡನ ತಾಯಿ ಬಂದರು. ಎಡಗಾಲಿಗೆ ಮೊಣಕಾಲಿನವರೆಗೆ ಪ್ಲಾಸ್ಟರ್. ಬಲ್ಬ್ ಬದಲಾಯಿಸಲು ಸ್ಟೂಲ್ ಹತ್ತಿ ಬಿದ್ದೆ ಎನ್ನುತ್ತಾರೆ. ಸ್ಟೂಲ್ ಬಿದ್ದಿದ್ದು ಕಾಂಪೌಂಡ್ ಗೋಡೆಯ ಪಕ್ಕ, ಅಲ್ಲಿ ಬಲ್ಬೇ ಇಲ್ಲ ಎಂದು ಗಂಡ ಹೇಳಿದ. ಗೋಡೆಯ ಆಚೆ ಪಕ್ಕದ ಮನೆಯವರ ಜಗಳ ನಡೆಯುತ್ತಿತ್ತಂತೆ.

ಅವರು ಮೆಟ್ಟಿಲು ಹತ್ತುವಂತಿಲ್ಲ. ಕೆಳಗೆ ಬಚ್ಚಲಿಗೆ ಹತ್ತಿರ ಇರುವುದು ಒಂದೇ ಕೋಣೆ, ನಾನು ವಿಡಿಯೋ ಎಡಿಟ್ ಮಾಡುವ ಕೋಣೆ. ಮಂಚ ಕೆಳಗಿಳಿಯಿತು. ನನ್ನ ಕುರ್ಚಿಯ ಬೆನ್ನಿಗೂ ಅವರ ದಿಂಬಿಗೂ ನಡುವೆ ಒಂದು ಮೊಳ ಜಾಗ. ಗಂಡ ಲಿಫ್ಟ್ ತಪಾಸಣೆಯ ಕೆಲಸಕ್ಕೆ ಸಂಜೆಯೇ ಹೊರಟ. ಇನ್ನು ಶನಿವಾರವೇ ಬರುವುದು. "ಇಬ್ಬರೂ ಹೊಂದ್ಕೊಳ್ತೀರಿ ಬಿಡಿ," ಎಂದು ಬಾಗಿಲಲ್ಲಿ ನಿಂತು ಹೇಳಿದ. ನುಣುಚಿಕೊಳ್ಳುವಾಗ ಅವನ ದನಿ ಬಹಳ ಮೃದುವಾಗುತ್ತದೆ.

ಇದಕ್ಕಿಂತ ಕೆಟ್ಟ ಸಮಯ ಸಿಗುತ್ತಿರಲಿಲ್ಲ. ಸ್ಟುಡಿಯೋದ ಮಾಲೀಕರು, ನಾನು ಮನಸ್ಸಿನಲ್ಲಿ ಗಡಿಬಿಡಿ ಎಂದು ಕರೆಯುವವರು, ಹೊಸ ಸಾಫ್ಟ್‌ವೇರ್ ತರಿಸಿದ್ದಾರೆ. ಮಾತಿನ ನಡುವಿನ ಮೌನ, ಕೆಮ್ಮು, ಉಸಿರು, ಎಲ್ಲವನ್ನೂ ಅದು ತಾನೇ ಹುಡುಕಿ ಕತ್ತರಿಸುತ್ತದೆ. ಇದುವರೆಗೆ ಅದು ನನ್ನ ಕೆಲಸವಾಗಿತ್ತು. ಕುರ್ಚಿ ಕಾರ್ಖಾನೆಯ ಐವತ್ತನೇ ವರ್ಷದ ಚಿತ್ರ ಈಗ ನನ್ನ ಕೈಯಲ್ಲಿದೆ.

"ಇದನ್ನ ನೋಡಿ ತೀರ್ಮಾನ ಮಾಡೋಣ," ಎಂದರು.

"ಏನು ತೀರ್ಮಾನ ಸಾರ್?"

"ನೀವಾ, ಅದಾ ಅಂತ."

ನಗುತ್ತಲೇ ಹೇಳಿದರು.

ಮಾರ್ಚ್ ೫, ಬುಧವಾರ

ಕಾರ್ಖಾನೆಯ ಯಜಮಾನರು ಪ್ರತಿ ವಾಕ್ಯವನ್ನೂ "ಅಂದ್ರೆ" ಎಂದು ಶುರುಮಾಡುತ್ತಾರೆ. ಅವುಗಳನ್ನೆಲ್ಲ ತೆಗೆಯುವುದರಲ್ಲೇ ಬೆಳಗು ಕಳೆಯಿತು. ಬೆನ್ನ ಹಿಂದಿನಿಂದ ಬಿಸ್ಕತ್ತು ಕಡಿಯುವ ಸದ್ದು. ಸಕ್ಕರೆ ಕಾಯಿಲೆಯವರಿಗೆ ಬಿಸ್ಕತ್ತು ಕೊಟ್ಟವರು ಯಾರು ಎಂದು ನಾನು ಕೇಳಲಿಲ್ಲ. ತಾವು ತಂದ ಪ್ರಯಾಣದ ಚೀಲವನ್ನು ಅವರು ಮಗ್ಗುಲಲ್ಲೇ ಇಟ್ಟುಕೊಂಡು ಮಲಗುತ್ತಾರೆ. ಉತ್ತರ ಅದರಲ್ಲಿದೆ.

"ಅದೇನು ಮಾಡ್ತಿದೀಯ?"

"ಟ್ರಿಮ್ ಮಾಡ್ತಿದೀನಿ ಅತ್ತೆ. ತುಣುಕಿನ ಅಂಚು ಹಿಡಿದು ಒಳಗೆ ಎಳೆದರೆ ಬೇಡದ್ದು ಹೋಗುತ್ತೆ."

"ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೂ ಹೋಗಲ್ಲ. ಅಂಚಿನ ಆಚೆ ಕಾಣದ ಹಾಗೆ ಇರುತ್ತೆ. ಅಂಚನ್ನ ಮತ್ತೆ ಹೊರಗೆ ಎಳೆದರೆ ವಾಪಸ್ ಬರುತ್ತೆ."

"ಹಾಗಾದ್ರೆ ಎಳೆ, ನೋಡೋಣ."

"ಅಲ್ಲಿ ಏನೂ ಇಲ್ಲ."

"ಏನೂ ಇಲ್ಲದಿದ್ರೆ ಯಾಕೆ ಬಚ್ಚಿಟ್ಟೆ?"

ಇವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಹೆಡ್‌ಫೋನ್ ಹಾಕಿಕೊಂಡು ಇಡೀ ಊರಿನ ಮಾತು ಕೇಳಿದ್ದಕ್ಕೆ ಸಂಬಳ, ಈಗ ಪಿಂಚಣಿ.

ಮಾರ್ಚ್ ೮, ಶನಿವಾರ

ನಾನೂ ಹೆಡ್‌ಫೋನ್ ಹಾಕಿಕೊಂಡೆ.

"ನೀನು ಕಿವಿ ಮುಚ್ಕೊಂಡ್ರೆ ನಾನು ಮಾತಾಡೋದು ನಿಲ್ಲಿಸ್ತೀನಾ?" ಎಂದರು. ಅದು ಹೆಡ್‌ಫೋನಿನ ಮೂಲಕವೂ ಸ್ಪಷ್ಟವಾಗಿ ಕೇಳಿಸಿತು. ಇಷ್ಟು ತೂರಿಹೋಗುವ ದನಿ ವೃತ್ತಿಯಿಂದ ಬಂದಿದ್ದೋ ಹುಟ್ಟಿನಿಂದಲೋ ತಿಳಿಯದು.

ಮಧ್ಯಾಹ್ನ ನೋಡಿದರೆ ನನ್ನ ಸ್ಟೀಲಿನ ಸ್ಕೇಲ್ ಮೇಜಿನ ಮೇಲಿಲ್ಲ. ಪ್ಲಾಸ್ಟರಿನ ಒಳಗಿತ್ತು. ತುರಿಸಿಕೊಳ್ಳುತ್ತಿದ್ದರು.

ಗಂಡ ಬಂದ. "ಅಮ್ಮ ಹೇಗಿದಾಳೆ?" ಎಂದು ಅಡುಗೆಮನೆಯಲ್ಲಿ ಪಿಸುಗುಟ್ಟಿದ. ಆರೋಗ್ಯವಾಗಿದ್ದಾರೆ ಎಂದೆ. ಅದನ್ನು ದೂರು ಎಂದು ಅವನು ತಿಳಿದುಕೊಳ್ಳಲಿಲ್ಲ.

ಮಾರ್ಚ್ ೧೨, ಬುಧವಾರ

ಮೊದಲ ಕರಡನ್ನು ಗಡಿಬಿಡಿಯವರಿಗೆ ತೋರಿಸಲು ಸ್ಟುಡಿಯೋಗೆ ಹೋದೆ. ಯಾವ ಫೈಲ್ ಕೊಡುವಾಗಲೂ ಅದರ ಹೆಸರನ್ನು ಮೂರು ಸಲ ನೋಡುವುದು ನನ್ನ ಅಭ್ಯಾಸ, ಇದುವರೆಗೆ ಒಮ್ಮೆಯೂ ತಪ್ಪಿಲ್ಲ. ಅವರು ನೋಡಿದರು, ಖುಷಿಪಟ್ಟರು. ಆಮೇಲೆ ಕತ್ತರಿಸದ ಮೂಲ ವಿಡಿಯೋವನ್ನು ಹೊಸ ಸಾಫ್ಟ್‌ವೇರಿಗೆ ಹಾಕಿ ಟೀ ತರಿಸಿದರು. ಟೀ ಕುಡಿದು ಮುಗಿಸುವಷ್ಟರಲ್ಲಿ ಅದೂ ಸಿದ್ಧವಾಗಿತ್ತು.

"ಎರಡೂ ಒಂದೇ ಥರ ಇದೆಯಲ್ರೀ!" ಎಂದರು. ಅದು ಹೊಗಳಿಕೆ ಎಂದೇ ಅವರು ಭಾವಿಸಿದ್ದರು.

ಮನೆಗೆ ಬಂದು ಚಪ್ಪಲಿ ಬಿಡುತ್ತಾ ಇದನ್ನು ಹೇಳಿದೆ. ಯಾಕೆ ಹೇಳಿದೆನೋ. ಗಂಡನ ತಾಯಿ ಕನ್ನಡಕದ ಮೇಲಿನಿಂದ ನೋಡಿದರು.

"ಒಂದೇ ಥರ ಇದ್ರೆ ನೀನು ಯಾಕೆ ಬೇಕು?"

ನಾನು ಊಟ ಮಾಡಲಿಲ್ಲ. ಅವರು ನನ್ನ ತಟ್ಟೆಯದನ್ನೂ ಉಂಡರು.

ಮಾರ್ಚ್ ೧೩, ಗುರುವಾರ

ಸರಿಯಾಗಿ ಲೆಕ್ಕ ಹಾಕಿದರೆ ಪರಿಸ್ಥಿತಿ ಇದು: ಈ ಚಿತ್ರವನ್ನು ಯಜಮಾನರು ಒಪ್ಪದಿದ್ದರೆ ನನ್ನ ಕೆಲಸ ಹೋಗುತ್ತದೆ. ಒಪ್ಪಿದರೂ ಹೋಗುತ್ತದೆ, ಏಕೆಂದರೆ ಅದನ್ನೇ ಸಾಫ್ಟ್‌ವೇರ್ ಟೀ ಆರುವ ಮೊದಲು ಮಾಡುತ್ತದೆ.

"ಕತ್ತರಿಸದೇ ಇರೋದನ್ನ ಹಾಕು," ಎಂದರು ಮಂಚದಿಂದ.

"ಅದು ಗಂಟೆಗಟ್ಟಲೆ ಇದೆ ಅತ್ತೆ."

"ನನ್ನ ಕಾಲೂ ಎಲ್ಲಿಗೂ ಹೋಗ್ತಿಲ್ಲ."

ಹಾಕಿದೆ. ಕಾರ್ಖಾನೆಯ ಯಜಮಾನರು ಪರದೆಯ ಮೇಲೆ ಎದೆಯುಬ್ಬಿಸಿ ಕೂತಿದ್ದರು. "ಅಂದ್ರೆ, ಎಲ್ಲಾ ನಾನೊಬ್ಬನೇ ಶುರು ಮಾಡಿದ್ದು." ಆಮೇಲೆ ಮೌನ. ಈ ಮೌನವನ್ನು ನಾನು ಕತ್ತರಿಸಿದ್ದೆ. ಸಾಫ್ಟ್‌ವೇರ್ ಕೂಡ ಕತ್ತರಿಸಿತ್ತು.

"ನಿಲ್ಸು. ಹಿಂದೆ ಹೋಗು. ಅದೇನು ಸದ್ದು?"

"ಏನೋ ಗಲಾಟೆ. ತೆಗೆದುಹಾಕಿದೀನಿ."

"ಗಲಾಟೆ ಅಲ್ಲ, ಜಿಪ್ಪು. ಯಾರೋ ಬ್ಯಾಗಿನ ಜಿಪ್ಪು ತೆಗೆದು ಮುಚ್ಚಿದ್ರು. ಪಕ್ಕದಲ್ಲಿ ಯಾರು ಕೂತಿದ್ರು?"

ಯಜಮಾನರ ಹೆಂಡತಿ ಕೂತಿದ್ದರು. ಕ್ಯಾಮೆರಾದ ಚೌಕಟ್ಟಿನ ಹೊರಗೆ. ನಡುವೆ ಮಾತಾಡಬೇಡಿ ಎಂದು ಅವರಿಗೆ ಮೊದಲೇ ಹೇಳಿದ್ದು ವಿಡಿಯೋದಲ್ಲೇ ಕೇಳಿಸುತ್ತದೆ. ಅವರು ಮಾತಾಡಿಲ್ಲ.

"ಮುಂದೆ ಹಾಕು," ಎಂದರು. ಗಂಡನ ತಾಯಿ ಮಂಚದಲ್ಲಿ ಎದ್ದು ಕೂತಿದ್ದರು.

"ಅಂದ್ರೆ, ನನಗೆ ಯಾವತ್ತೂ ಭಯ ಅಂತ ಆಗಿದ್ದಿಲ್ಲ."

ಜಿಪ್ಪು.

"ಅಂದ್ರೆ, ಕಾರ್ಖಾನೆಯ ಚಾವಣಿ ತಗಡಿಂದು."

ಸದ್ದಿಲ್ಲ.

"ಅಂದ್ರೆ, ಕೆಲಸಗಾರರನ್ನ ನಾನು ಯಾವತ್ತೂ ಗದರಿಸಿಲ್ಲ."

ಜಿಪ್ಪು ತೆರೆಯಿತು, ಮುಚ್ಚಿತು, ಇನ್ನೊಮ್ಮೆ ಪೂರ್ತಿ ತೆರೆಯಿತು.

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಅವರು ಸ್ಕೇಲಿನಿಂದ ಪ್ಲಾಸ್ಟರ್ ಮೇಲೆ ಟಕ್ ಎಂದು ಬಡಿದರು.

"ಸುಳ್ಳು ಹೇಳಿದಾಗಲೆಲ್ಲ!"

ಇಷ್ಟು ದಿನ ನಾನು ಶುಚಿ ಮಾಡಿದ್ದು ಇದನ್ನು.

ಮಾರ್ಚ್ ೧೭, ಸೋಮವಾರ

ಅತ್ತೆ ಬಾಜಿ ಕಟ್ಟುವ ಆಟ ಕಂಡುಹಿಡಿದಿದ್ದಾರೆ. ಯಜಮಾನರು ಬಾಯಿ ತೆರೆದ ಕೂಡಲೇ ವಿಡಿಯೋ ನಿಲ್ಲಿಸಬೇಕು. ಜಿಪ್ಪು ಬರುತ್ತದೋ ಇಲ್ಲವೋ ಹೇಳಬೇಕು. ಸೋತವರು ಟೀ ಮಾಡಬೇಕು. ಕಾಲು ಮುರಿದವರು ಸೋತರೂ ಟೀ ಮಾಡುವಂತಿಲ್ಲ ಎಂಬ ನಿಯಮ ನನಗೆ ಮೂರನೇ ಟೀ ಹೊತ್ತಿಗೆ ಅರ್ಥವಾಯಿತು.

ಇದು ಸಮಯ ಹಾಳು. ಆದರೆ ಅವರು ಸುಮ್ಮನಿರುತ್ತಾರೆ, ಅಷ್ಟಕ್ಕೇ ಆಡುತ್ತಿದ್ದೇನೆ.

ಮಾರ್ಚ್ ೨೨, ಶನಿವಾರ

ನಿನ್ನೆ ಅತ್ತೆ ಒಂದು ತುಣುಕಿನ ಬಾಲವನ್ನು ಹೊರಗೆ ಎಳೆದರು. ಹೌದು, ಅವರೇ. ಕೀಲಿಮಣೆಯನ್ನು ಪ್ಲಾಸ್ಟರಿನ ಮೇಲೆ ಇಟ್ಟುಕೊಂಡು, ಮೌಸನ್ನು ಹಾಸಿಗೆಯ ಮೇಲೆ ಓಡಿಸುತ್ತಾ. ಮೊದಲ ದಿನ ಅವರು ತುಣುಕುಗಳನ್ನೆಲ್ಲ ಜೋಡಿಸಿಟ್ಟ ಇಡೀ ಟೈಮ್‌ಲೈನನ್ನೇ ಅಳಿಸಿದ್ದರು. "ನಾನೇನೂ ಮಾಡಿಲ್ಲ, ಅದೇ ಹೋಯ್ತು," ಎಂದಿದ್ದರು. ಈಗ ಅಂಚು ಹಿಡಿಯಲು ಬರುತ್ತದೆ.

ಸಂದರ್ಶನ ಮುಗಿಯಿತು ಎಂದು ಹೇಳಿದ ಮೇಲೂ ಕ್ಯಾಮೆರಾ ಓಡುತ್ತಿತ್ತು. ಯಜಮಾನರು ಕಾಲರಿನ ಮೈಕ್ ತೆಗೆಯಲು ತಡಕಾಡುತ್ತಿದ್ದರು. ಆಗ ಚೌಕಟ್ಟಿನ ಹೊರಗಿನಿಂದ ಅವರ ಹೆಂಡತಿಯ ದನಿ:

"ಮೊದಲನೇ ಕುರ್ಚಿ ಮಾಡಿದ್ದು ಯಾರು ಅಂತ ಹೇಳಲೇ ಇಲ್ಲ ನೀವು."

"ಹೇಳಿದ್ರೆ ನಗ್ತಾರೆ ಕಣೇ."

"ನಗಲಿ ಬಿಡಿ. ನಾನು ಮಾಡಿದ್ದಕ್ಕೆ ಒಂದು ಕಾಲು ಗಿಡ್ಡ ಆಗಿತ್ತು, ಅಷ್ಟೇ ತಾನೆ?"

"ಅಷ್ಟೇನಾ? ನೆಂಟರ ಮುಂದೆ ನಾನು ಧೊಪ್ ಅಂತ ಬಿದ್ದೆ. ನೀನು ಎತ್ತಕ್ಕೂ ಬರದೆ, ಯಾವ ಕಾಲು ಅಂತ ಅಳತೆ ಮಾಡೋಕೆ ಕೂತೆ!"

ಆಮೇಲೆ ಅವರು ನಕ್ಕರು. ಇಡೀ ವಿಡಿಯೋದಲ್ಲಿ ಎಲ್ಲೂ ಇಲ್ಲದ ನಗು, ಹೊಟ್ಟೆಯಿಂದ ಬಂದದ್ದು. ಎದೆಯುಬ್ಬಿಸಿದ್ದು ಇಳಿದು ಅವರು ಒಬ್ಬ ಸಾಮಾನ್ಯ ಮನುಷ್ಯರಾದರು.

ಅತ್ತೆ ಏನೂ ಹೇಳಲಿಲ್ಲ. ಇದು ದಾಖಲಿಸಬೇಕಾದ ಸಂಗತಿ.

ಇವತ್ತು ಗಂಡ ಬಂದಾಗ ಇಬ್ಬರೂ ಅವನಿಗೆ ಆ ತುಣುಕು ತೋರಿಸಿದೆವು. "ಚೆನ್ನಾಗಿದೆ. ಊಟ ಏನು?" ಎಂದ. ಅತ್ತೆ ನನ್ನ ಕಡೆ ತಿರುಗಿ, "ಇವನನ್ನ ನಾನು ಇನ್ನೂ ಸ್ವಲ್ಪ ಟ್ರಿಮ್ ಮಾಡಬೇಕಿತ್ತು," ಎಂದರು.

ಮಾರ್ಚ್ ೨೮, ಶುಕ್ರವಾರ

ಈಗ ಎರಡು ಚಿತ್ರಗಳಿವೆ. ಒಂದು, ಸ್ಟುಡಿಯೋಗೆ ಕೊಡಬೇಕಾದದ್ದು: ಶುಚಿ, ಚುರುಕು, ಉಸಿರಿಲ್ಲದ್ದು. ಫೈಲಿನ ಹೆಸರು "ಕಾರ್ಖಾನೆ". ಇನ್ನೊಂದು, ತಮಾಷೆಗೆ ನಾವು ಮಾಡಿದ್ದು: ಜಿಪ್ಪುಗಳು, ಮೌನಗಳು, ಗಿಡ್ಡ ಕಾಲಿನ ಕುರ್ಚಿ, ಆ ನಗು. ಹೆಸರು "ಕುಂಟು ಕುರ್ಚಿ". ಎರಡನೆಯದನ್ನು ಯಾರಿಗೂ ತೋರಿಸುವಂತಿಲ್ಲ. ಅತ್ತೆಗೆ ಹೊತ್ತು ಹೋಗಲಿ ಎಂದು ಮಾಡಿದ್ದು.

ಒಂದು ಮೌನದ ಬಗ್ಗೆ ಬೆಳಗಿನಿಂದ ಜಗಳವಾಯಿತು. ಯಜಮಾನರು ಸತ್ತುಹೋದ ಹಳೆಯ ಬಡಗಿಯ ಬಗ್ಗೆ ಹೇಳಿ ನಿಲ್ಲಿಸುವ ಜಾಗ. ನಾನು ಅರ್ಧ ಸಾಕು ಎಂದೆ.

"ಪೂರ್ತಿ ಬಿಡು."

"ನೋಡುವವರು ವಿಡಿಯೋ ಕೆಟ್ಟಿದೆ ಅಂದ್ಕೊಳ್ತಾರೆ ಅತ್ತೆ."

"ಲೈನ್ ಕಟ್ ಆದ ಮೌನ ಬೇರೆ, ಮನುಷ್ಯ ಸುಮ್ಮನಾದ ಮೌನ ಬೇರೆ. ಎಂಥಾ ದಡ್ಡನಿಗೂ ಗೊತ್ತಾಗುತ್ತೆ."

"ನನಗೆ ಗೊತ್ತಾಗಲ್ಲ."

"ನಿನಗೆ ಗೊತ್ತಾಗುತ್ತೆ. ಹಟ ಅಷ್ಟೇ."

ಸಂಜೆಯವರೆಗೂ ಮಾತಾಡಲಿಲ್ಲ. ಆಮೇಲೆ ಪೂರ್ತಿ ಬಿಟ್ಟೆ. ಅವರು ಗೆದ್ದರೆಂದಲ್ಲ. ಅಲ್ಲಿ ಕತ್ತರಿಸಿದರೆ ಬೆಳಕು ಹೊಂದುವುದಿಲ್ಲ.

ಏಪ್ರಿಲ್ ೨, ಬುಧವಾರ

"ಕಾರ್ಖಾನೆ" ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ ಸ್ಟುಡಿಯೋಗೆ ಕೊಟ್ಟುಬಂದೆ. ಕರಡು ನೋಡಿದ್ದಾಯಿತಲ್ಲ ಎಂದು ಗಡಿಬಿಡಿಯವರು ತೆರೆದೂ ನೋಡಲಿಲ್ಲ. ಹೆಸರು ಮೂರು ಸಲ ನೋಡಿದೆ.

ಏಪ್ರಿಲ್ ೪, ಶುಕ್ರವಾರ



ಕಾರ್ಖಾನೆಯ ಸಭಾಂಗಣದಲ್ಲಿ ಪ್ರದರ್ಶನ. ಮುಂದಿನ ಸಾಲಿನಲ್ಲಿ ಯಜಮಾನರು, ಪಕ್ಕದಲ್ಲಿ ಅವರ ಹೆಂಡತಿ, ತೊಡೆಯ ಮೇಲೆ ಕಂದು ಬಣ್ಣದ ವ್ಯಾನಿಟಿ ಬ್ಯಾಗ್. ಹಿಂದೆ ಕೆಲಸಗಾರರು. ಗಡಿಬಿಡಿಯವರು ಗೋಡೆಗೆ ಒರಗಿ ನಿಂತಿದ್ದರು. ದೀಪ ಆರಿತು. ಶುರುವಾಗಿದ್ದು "ಕುಂಟು ಕುರ್ಚಿ".

ಅದು ಹೇಗಾಯಿತೋ ನನಗೆ ತಿಳಿಯದು. ಮೂರು ಸಲ ನೋಡಿಯೇ ಹಾಕಿದ್ದೆ.

"ಎಲ್ಲಾ ನಾನೊಬ್ಬನೇ ಶುರು ಮಾಡಿದ್ದು," ಎಂದರು ಪರದೆಯ ಮೇಲಿನ ಯಜಮಾನರು. ಮೌನ. ದೊಡ್ಡ ಸ್ಪೀಕರಿನಲ್ಲಿ ಜಿಪ್ಪು ತೆರೆಯಿತು, ಮುಚ್ಚಿತು. ಮುಂದಿನ ಸಾಲಿನಲ್ಲಿ ಬ್ಯಾಗಿನ ಮೇಲಿದ್ದ ಕೈ ಹಾಗೇ ನಿಂತಿತು. ಕೆಲಸಗಾರರನ್ನು ಯಾವತ್ತೂ ಗದರಿಸಿಲ್ಲ ಎಂಬ ಮಾತಿಗೆ ಬಂದ ಉದ್ದ ಜಿಪ್ಪಿಗೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಯಜಮಾನರು ತಿರುಗಿದರು. "ಏನೇ ಅದು? ನಿನ್ನ ಬ್ಯಾಗಾ?"

"ಇರಬೇಕು."

"ನಾನು ಮಾತಾಡುವಾಗ ಅದರಲ್ಲಿ ಏನು ಹುಡುಕ್ತಿದ್ದೆ?"

"ಕರ್ಚೀಫು."

"ಪ್ರತಿ ಸಲಾನೂ?"

"ನೀವು ಹಾಗೆ ಹೇಳಿದಾಗ ಪ್ರತಿ ಸಲಾನೂ."

ಗಡಿಬಿಡಿಯವರು ನನ್ನ ಕಡೆ ನೋಡಿದ ನೋಟದಲ್ಲಿ ನನ್ನ ಕೆಲಸ ಹೋಗಿಯೇ ಬಿಟ್ಟಿತ್ತು. ಪ್ರೊಜೆಕ್ಟರ್ ನಿಲ್ಲಿಸಲು ಅವರು ಹೆಜ್ಜೆ ಇಟ್ಟರು. ಅಷ್ಟರಲ್ಲಿ ಬಡಗಿಯ ಮೌನ ಬಂತು. ಅವರು ಕಾಲೆತ್ತಿದವರು ಅಲ್ಲೇ ನಿಂತರು. ಯಾರೂ ಅಲುಗಾಡಲಿಲ್ಲ. ವಿಡಿಯೋ ಕೆಟ್ಟಿದೆ ಎಂದು ಯಾರೂ ಅಂದುಕೊಳ್ಳಲಿಲ್ಲ.

ಕೊನೆಯಲ್ಲಿ ಗಿಡ್ಡ ಕಾಲಿನ ಕುರ್ಚಿ. ಪರದೆಯ ಮೇಲೆ ಒಂದು ನಗು, ಅದರ ಹಿಂದೆಯೇ ಮುಂದಿನ ಸಾಲಿನಲ್ಲಿ ಅದೇ ನಗು, ಆಮೇಲೆ ಇಡೀ ಸಭಾಂಗಣ.

ದೀಪ ಹತ್ತಿದ ಮೇಲೆ ಯಜಮಾನರು ಕಣ್ಣೊರೆಸಿಕೊಂಡು, "ಇದೇ ಇರಲಿ. ಆದರೆ ನಾನೊಬ್ಬನೇ ಅಂದದ್ದು ಮಾತ್ರ ತೆಗೆದುಬಿಡಿ," ಎಂದರು.

"ಬೇಡ, ಅದು ಇರಲಿ," ಎಂದರು ಅವರ ಹೆಂಡತಿ. "ಅದಿಲ್ಲದಿದ್ರೆ ನನಗೇನೋ ಜಿಪ್ಪಿನ ಹುಚ್ಚು ಅಂದ್ಕೊಳ್ತಾರೆ."

ಮೆಟ್ಟಿಲಿಳಿಯುವಾಗ ಗಡಿಬಿಡಿಯವರು ಮೊದಲ ಬಾರಿಗೆ ನಿಧಾನವಾಗಿ ಮಾತಾಡಿದರು. "ಈ ಜಿಪ್ಪು ಆ ಸಾಫ್ಟ್‌ವೇರಿಗೆ ಗೊತ್ತಾಗ್ತಿರಲಿಲ್ಲ, ಅಲ್ವಾ?"

"ಗೊತ್ತಾಗಿತ್ತು ಸಾರ್. ಗಲಾಟೆ ಅಂತ ತೆಗೆದುಹಾಕಿತ್ತು. ನಾನೂ ಮೊದಲು ಹಾಗೇ ಮಾಡಿದ್ದೆ."

"ಮತ್ತೆ ಕಂಡುಹಿಡಿದಿದ್ದು?"

"ಮನೆಯಲ್ಲಿ ಒಬ್ಬರಿದಾರೆ."

ಅವರು ಕೊನೆಯ ಮೆಟ್ಟಿಲಲ್ಲಿ ನಿಂತು, ಪಾಠದ ವಿಡಿಯೋಗಳನ್ನೆಲ್ಲ ಸಾಫ್ಟ್‌ವೇರಿಗೆ ಕೊಡುತ್ತೇನೆ, ಮನುಷ್ಯರು ಕೂತು ಮಾತಾಡುವಂಥದ್ದನ್ನೆಲ್ಲ ನೀವೇ ಮಾಡಿ, ಎಂದರು. "ಆ ಒಬ್ಬರನ್ನೂ ಕೇಳಿ."

ಬಸ್ಸಿಳಿದು ಓಡಿಕೊಂಡೇ ಬಂದೆ. ಚಪ್ಪಲಿ ಬಿಡದೆ ಕೋಣೆಯಲ್ಲಿ ನಿಂತು ಎಲ್ಲವನ್ನೂ, ಯಾರು ಎಲ್ಲಿ ನಿಂತಿದ್ದರು ಎಂಬುದನ್ನೂ ಸೇರಿಸಿ ಹೇಳಿದೆ. ಅತ್ತೆ ಎರಡು ಸಲ ಹೇಳಿಸಿದರು.

"ಫೈಲ್ ಬದಲಾಯಿಸಿದ್ದು ನೀವಾ?" ಎಂದು ಕೇಳಿದೆ.

"ನನಗೆ ಕತ್ತರಿಸೋದು ಮಾತ್ರ ಬರುತ್ತೆ. ಪೆನ್‌ಡ್ರೈವ್ ಎಲ್ಲಿ ಚುಚ್ಚಬೇಕು ಅಂತಾನೂ ಗೊತ್ತಿಲ್ಲ."

ಅದು ನಿಜ. ಹಾಗಾದರೆ ಯಂತ್ರದ ದೋಷವೇ ಇರಬೇಕು. ಹೀಗೂ ಆಗುವುದುಂಟು.

ಅತ್ತೆ ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ತಮ್ಮ ಪ್ರಯಾಣದ ಚೀಲವನ್ನು ಹತ್ತಿರ ಎಳೆದುಕೊಂಡು, ನಿಧಾನವಾಗಿ ಜಿಪ್ಪು ತೆರೆದು ನಿಧಾನವಾಗಿ ಮುಚ್ಚಿದರು. ಬಿಸ್ಕತ್ತು ತೆಗೆದುಕೊಳ್ಳಲಿಲ್ಲ.

ಏಪ್ರಿಲ್ ೭, ಸೋಮವಾರ

ಅತ್ತೆಯನ್ನು ಮೂಳೆ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಒಳಗೆ ತಾವೊಬ್ಬರೇ ಹೋಗುತ್ತೇನೆ ಎಂದು ಹಟ ಹಿಡಿದರು. ಹೊರಗೆ ಬಂದು, "ಇನ್ನೂ ಒಂದು ವಾರ ಪ್ಲಾಸ್ಟರ್ ಇರಬೇಕಂತೆ," ಎಂದರು. ಪಾಪ, ಸೆಖೆಯಲ್ಲಿ ಕಷ್ಟ. ನನಗೂ ಕಷ್ಟವೇ. ದಾರಿಯಲ್ಲಿ ಬಿಸ್ಕತ್ತು ಕೊಂಡೆ. ಸಕ್ಕರೆ ಇಲ್ಲದ್ದು.

ಏಪ್ರಿಲ್ ೯, ಬುಧವಾರ

ಚಿತ್ರದ ಆರಂಭಕ್ಕೆ ಒಂದು ಹೆಂಗಸಿನ ದನಿ ಬೇಕೆಂದು ಯಜಮಾನರು ಕೇಳಿದ್ದಾರೆ. ದನಿ ಕೊಡುವಾಕೆಗೆ ಗಂಟಲು ಕಟ್ಟಿದೆ. "ಇಲ್ಲೊಂದು ಗಂಟಲು ಖಾಲಿ ಇದೆ," ಎಂದರು ಅತ್ತೆ.

ಹಾಸಿಗೆಯ ಪಕ್ಕ ಮೈಕ್ ಇಟ್ಟು, ಕಿಟಕಿಗೆ ರಗ್ಗು ಕಟ್ಟಿ ರೆಕಾರ್ಡ್ ಮಾಡಿದೆ. ಇಂಥ ದನಿಯನ್ನು ಇವರು ಎಲ್ಲಿ ಇಟ್ಟುಕೊಂಡಿದ್ದರೋ. ಒಂದೇ ಸಲಕ್ಕೆ ಸರಿಯಾಯಿತು. ಸಂಭಾವನೆಯಾಗಿ ಸಕ್ಕರೆ ಇರುವ ಬಿಸ್ಕತ್ತು ಕೇಳಿದರು. ಟೀ ಮಾಡಲು ಹೋದೆ. ವಾಪಸ್ ಬಂದಾಗ ಅವರು ತಮ್ಮ ಹಳೆಯ ಸಹೋದ್ಯೋಗಿಯೊಂದಿಗೆ ಫೋನಿನಲ್ಲಿ ಹರಟುತ್ತಿದ್ದರು. ನನ್ನನ್ನು ಕಂಡು ಇಟ್ಟರು.

ಏಪ್ರಿಲ್ ೧೪, ಸೋಮವಾರ

ಪ್ಲಾಸ್ಟರ್ ತೆಗೆದರು. ಒಳಗೆ ನನ್ನ ಎರಡನೇ ಸ್ಕೇಲ್ ಸಿಕ್ಕಿತು.

ಏಪ್ರಿಲ್ ೧೯, ಶನಿವಾರ

ಅತ್ತೆ ಊರಿಗೆ ಹೋದರು. ಹೊರಡುವ ಮೊದಲೇ ಗಂಡ ಮಂಚವನ್ನು ಬಿಚ್ಚಿ ಮೇಲೆ ಸಾಗಿಸಿದ. ಅತ್ತೆ ಬಾಗಿಲಲ್ಲಿ ಚೀಲ ಹಿಡಿದು ನಿಂತು ನೋಡುತ್ತಿದ್ದರು. "ಇನ್ನು ನಿನಗೆ ಆರಾಮ," ಎಂದರು. "ಹೌದು," ಎಂದೆ.

ಏಪ್ರಿಲ್ ೨೦, ಭಾನುವಾರ

ಕೋಣೆ ವಿಶಾಲವಾಗಿದೆ.

ಏಪ್ರಿಲ್ ೨೨, ಮಂಗಳವಾರ

ಹೊಸ ಕೆಲಸ: ಒಬ್ಬ ಈಜು ತರಬೇತುದಾರರ ಸಂದರ್ಶನ. ಇವರು ಸುಳ್ಳು ಹೇಳುತ್ತಾರೋ ಇಲ್ಲವೋ ತಿಳಿಯುತ್ತಿಲ್ಲ. ಟೀ ಎರಡು ಲೋಟ ಮಾಡಿಬಿಟ್ಟೆ. ಎರಡನ್ನೂ ಕುಡಿದೆ.

ಏಪ್ರಿಲ್ ೨೪, ಗುರುವಾರ

ಹಳೆಯ ಫೈಲುಗಳನ್ನು ತೆರವು ಮಾಡುತ್ತಿದ್ದೆ. ಅತ್ತೆಯ ದನಿಯ ರೆಕಾರ್ಡಿಂಗ್ ಬಂತು. ನಾನು ಬಳಸಿಕೊಂಡಿದ್ದು ಒಂದೇ ವಾಕ್ಯ, ಉಳಿದದ್ದು ಅಂಚಿನ ಆಚೆ ಇತ್ತು. ಸುಮ್ಮನೆ ಎಳೆದೆ. ನಾನು ಟೀ ಮಾಡಲು ಹೋದಾಗ ಮೈಕ್ ನಿಲ್ಲಿಸಿರಲಿಲ್ಲ.

ಫೋನಿನ ಗುಂಡಿಗಳ ಸದ್ದು. ಆಮೇಲೆ ಅತ್ತೆ, ಪಿಸುದನಿಯಲ್ಲಿ:

"ಹಲೋ, ನಾನೇ ಕಣೇ. ಕಾಲಾ? ಕಾಲು ಕೂಡ್ಕೊಂಡಿದೆ. ಡಾಕ್ಟ್ರು ಮೊನ್ನೆನೇ ಬಿಚ್ತೀನಿ ಅಂದ್ರು. ನಾನೇ ಇನ್ನೊಂದು ವಾರ ಇರಲಿ ಅಂದೆ... ಇಲ್ಲಿ ಕೆಲಸ ಇದೆ ಮಹಾರಾಯಳೇ, ಸುಮ್ನೆ ಅಲ್ಲ... ಸೊಸೆನಾ? ಮೊದಲು ಮಾತೇ ಇರಲಿಲ್ಲ. ಈಗ ಪರವಾಗಿಲ್ಲ, ಜಗಳ ಆಡೋಕೆ ಬರ್ತಿದೆ... ಬಂದ್ಳು, ಇಡ್ತೀನಿ."

ನಾಲ್ಕು ಸಲ ಕೇಳಿದೆ. ಆಮೇಲೆ ಫೋನ್ ಮಾಡಿದೆ.

"ಅತ್ತೆ, ಕಾಲು ಹೇಗಿದೆ?"

"ನೋವು ಕಣೇ. ಏನು ಮಾಡೋದು, ಡಾಕ್ಟ್ರು ಒಂದು ವಾರ ಜಾಸ್ತಿ ಕಟ್ಟಿಹಾಕಿಬಿಟ್ರು."

ನನ್ನ ಬ್ಯಾಗನ್ನು ಫೋನಿನ ಹತ್ತಿರ ಹಿಡಿದೆ. ಜಿಪ್ಪು ತೆರೆದೆ, ಮುಚ್ಚಿದೆ.

ಆ ಕಡೆ ಮೌನ. ಲೈನ್ ಕಟ್ ಆದದ್ದಲ್ಲ. ಕಾದೆ.

"ನಿನಗೇನು ಕೆಲಸ ಜಾಸ್ತಿ ಇದೆಯಾ?" ಎಂದರು ಕೊನೆಗೆ.

"ಒಬ್ಬರು ಈಜು ತರಬೇತುದಾರರು ಬಂದಿದಾರೆ. ನನಗೆ ಸಮಯವೇ ಇಲ್ಲ."

"ನಾನು ಬಂದ್ರೆ ನಿನಗೆ ತೊಂದರೆ. ಮಂಚ ಬೇರೆ ಮೇಲಿದೆ."

"ಇಲ್ಲ ಅತ್ತೆ, ಆವತ್ತೇ ಇಳಿಸಿಬಿಟ್ವಿ. ಕೆಳಗೇ ಇದೆ."

ಮಂಚ ಮೇಲೆ, ಬಿಚ್ಚಿದ ಹಾಗೇ ಗೋಡೆಗೆ ಒರಗಿತ್ತು.

ಆ ಕಡೆಯಿಂದ, ಬಹಳ ಹತ್ತಿರದಲ್ಲಿ, ಪ್ರಯಾಣದ ಚೀಲದ ಜಿಪ್ಪಿನ ಸದ್ದು ಕೇಳಿಸಿತು. ತೆರೆಯಿತು. ಮುಚ್ಚಲಿಲ್ಲ. ಬಟ್ಟೆ ತುಂಬುತ್ತಿದ್ದರು.